ಶುಕ್ರವಾರ ಸಂಜೆ "ಆಯ್ತು ಸರ್" ಅನ್ನುವ ಅಭ್ಯಾಸ: ಕೋಚಿಂಗ್‌ನಿಂದ ಇದು ನಿಜಕ್ಕೂ ಬದಲಾಗುತ್ತಾ?

ರಾಗಿರೊಟ್ಟಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್ ಆಗಿದ್ದೇನೆ. ಈ ವರ್ಷ ನಮ್ಮಲ್ಲಿ ಕೆಲವರಿಗೆ ಟ್ರಾನ್ಸ್‌ಫರ್ಮೇಷನಲ್ ಕೋಚಿಂಗ್, ಅಂದರೆ ನಮ್ಮ ಯೋಚನೆ, ವರ್ತನೆಯ ರೀತಿಯನ್ನೇ ಬದಲಾಯಿಸಲು ನೆರವಾಗುವ ಮಾರ್ಗದರ್ಶನ, ಕೊಡಿಸುತ್ತಿದ್ದಾರೆ. ಖರ್ಚು ಕಂಪನಿಯದ್ದೇ.

ಗುರಿ ಬರೆಸುತ್ತಾರೆ, ಪ್ಲಾನ್ ಹಾಕಿಸುತ್ತಾರೆ ಅಂದುಕೊಂಡು ಹೋದೆ. ಕೋಚ್ ಕೇಳಿದ ಪ್ರಶ್ನೆಯೇ ಬೇರೆ. "ಶುಕ್ರವಾರ ಸಂಜೆ ಮ್ಯಾನೇಜರ್ ಹೊಸ ಕೆಲಸ ತಂದಾಗ ನಿಮ್ಮ ಮೈಯಲ್ಲಿ ಎಲ್ಲಿ, ಏನಾಗುತ್ತದೆ?" ಆಮೇಲೆ ಗಮನಿಸಿ ನೋಡಿದೆ. ಹಲ್ಲು ಕಚ್ಚಿಕೊಂಡಿರುತ್ತೇನೆ. ಕಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಮುದುಡಿಕೊಂಡಿರುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತಿರುತ್ತದೆ. ಅಷ್ಟರಲ್ಲಿ ಬಾಯಿ "ಆಯ್ತು ಸರ್, ಮಾಡ್ತೀನಿ" ಅಂದಾಗಿರುತ್ತದೆ.

ಈಗ ದಿನಾ ಬಾಡಿ ಸ್ಕ್ಯಾನ್ (ಮೈಯ ಒಂದೊಂದೇ ಭಾಗವನ್ನು ಗಮನಿಸುವುದು) ಮಾಡಿ, ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವುದು) ರೂಢಿಸಿಕೊಳ್ಳಿ, ರೆಸಿಲಿಯನ್ಸ್ (ಕಷ್ಟ ತಡೆದುಕೊಂಡು ಚೇತರಿಸಿಕೊಳ್ಳುವ ಶಕ್ತಿ) ಬೆಳೆಯುತ್ತದೆ ಅನ್ನುತ್ತಿದ್ದಾರೆ. ನನ್ನ ಗಂಡನ ಮಾತು ಇನ್ನೊಂದು: "ನಿನ್ನ ಮೇಲೆ ಜಾಸ್ತಿ ಕೆಲಸ ಹೇರೋಕೆ ಹೆಗಲು ಗಟ್ಟಿ ಮಾಡ್ತಿದ್ದಾರೆ ಅಷ್ಟೆ." ಇಂಥದ್ದನ್ನು ಪೂರ್ತಿ ಮಾಡಿದವರು ಯಾರಾದರೂ ಇದ್ದೀರಾ? ಏನಾದರೂ ಉಳಿಯಿತಾ?

ಕ್ಲಬ್‌ರೋಡ್
ನಿಮ್ಮ ಗಂಡ ಹೇಳಿದ್ದು ನೂರಕ್ಕೆ ನೂರು ಸರಿ.

ತುಂಗಾತೀರ
ಅಷ್ಟು ಬೇಗ ತೀರ್ಪು ಕೊಡಬೇಡಿ ಸ್ವಾಮಿ. ನಾನು ಹೋದ ವರ್ಷ ಮುಗಿಸಿದೆ, ನನ್ನದೇ ದುಡ್ಡಿನಲ್ಲಿ. ಕೆಲಸ ಬದಲಾಗಲಿಲ್ಲ, ಸಂಬಳವೂ ಜಾಸ್ತಿ ಆಗಲಿಲ್ಲ. ಆದರೆ ಸಿಟ್ಟು ಬರುವ ಮೊದಲೇ ಅದು ಬರುತ್ತಿದೆ ಅಂತ ಗೊತ್ತಾಗುತ್ತದೆ. ಕಿವಿ ಬಿಸಿಯಾಗುತ್ತದೆ. ಅಲ್ಲೇ ಒಂದು ಗುಟುಕು ನೀರು ಕುಡಿದು ಮಾತಾಡುತ್ತೇನೆ. ಮನೆಯಲ್ಲಿ ಮಗಳೇ ಮೊದಲು ಗುರುತಿಸಿದಳು.

ಹುಬ್ಬಳ್ಳಿ_ಮಂದಿ
ನನಗೆ ಈ 'ದೇಹದಿಂದ ಬದಲಾವಣೆ' ಅನ್ನುವುದರ ಮೇಲೆ ಅನುಮಾನ ಇದೆ ರೀ. ಪವರ್ ಪೋಸ್ ಕಥೆ ನೆನಪಿದೆಯಾ? 2010ರಲ್ಲಿ ಒಂದು ಅಧ್ಯಯನ ಬಂತು. ಎರಡು ನಿಮಿಷ ಕೈ ಚಾಚಿ, ಎದೆ ಸೆಟೆಸಿ ನಿಂತರೆ ಹಾರ್ಮೋನೇ ಬದಲಾಗುತ್ತದೆ, ಧೈರ್ಯ ಬರುತ್ತದೆ ಅಂತ. ಅದರ ಲೇಖಕಿಯರಲ್ಲಿ ಒಬ್ಬರಾದ ಎಮಿ ಕಡ್ಡಿ ಅವರ ಭಾಷಣ ಲೋಕವೆಲ್ಲಾ ನೋಡಿತು. ನಮ್ಮ ಆಫೀಸಿನಲ್ಲೂ ಟ್ರೈನರ್ ಬಂದು ಎಲ್ಲರನ್ನೂ ಹಾಗೆ ನಿಲ್ಲಿಸಿದ್ದರು. ಆಮೇಲೆ ದೊಡ್ಡ ಗುಂಪಿನ ಮೇಲೆ ಮತ್ತೆ ಮಾಡಿ ನೋಡಿದಾಗ ಹಾರ್ಮೋನ್ ಬದಲಾವಣೆ ಸಿಗಲೇ ಇಲ್ಲ. 2016ರಲ್ಲಿ ಆ ಅಧ್ಯಯನದ ಮೊದಲ ಲೇಖಕಿ ಡೇನಾ ಕಾರ್ನೀ ಅವರೇ "ಇದು ನಿಜವಾದ ಪರಿಣಾಮ ಅಂತ ನನಗೆ ನಂಬಿಕೆ ಇಲ್ಲ" ಎಂಬ ಅರ್ಥದಲ್ಲಿ ಬರೆದುಕೊಂಡರು. ಕೋಚ್‌ಗಳು ಮಾತ್ರ ಇನ್ನೂ ಅದನ್ನೇ ಹೇಳುತ್ತಾರೆ.

ಚಾಮುಂಡಿ_ಮೆಟ್ಟಿಲು
ನಾನು ಮೈಸೂರಿನಲ್ಲಿ ಕೋಚ್ ಆಗಿ ಕೆಲಸ ಮಾಡುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ನನ್ನ ಹೊಟ್ಟೆಪಾಡಿದೆ.

ಪವರ್ ಪೋಸ್ ವಿಷಯದಲ್ಲಿ ಹುಬ್ಬಳ್ಳಿಯವರ ಮಾತಿಗೆ ನನ್ನ ಸಹಮತ. ಎರಡು ನಿಮಿಷ ನಿಂತು ಯಾರೂ ಬದಲಾಗುವುದಿಲ್ಲ. ಸೊಮ್ಯಾಟಿಕ್ ಕೋಚಿಂಗ್, ಅಂದರೆ ದೇಹದ ಮೂಲಕ ಮಾಡುವ ಕೋಚಿಂಗ್, ಹೇಳುವುದು ಬೇರೆ. ಅಮೆರಿಕದ ರಿಚರ್ಡ್ ಸ್ಟ್ರೋಝಿ-ಹೆಕ್ಲರ್ ಅವರು ಐಕಿಡೊ ಎಂಬ ಜಪಾನಿ ಸಮರಕಲೆಯ ಶಿಕ್ಷಕರು, ಮನಶ್ಶಾಸ್ತ್ರ ಓದಿದವರು. 1980ರ ದಶಕದಲ್ಲಿ ಅಲ್ಲಿನ ಸೇನೆಯ ಗ್ರೀನ್ ಬೆರೆಟ್ ಎಂಬ ವಿಶೇಷ ಪಡೆಯ ಯೋಧರಿಗೂ ಕಲಿಸಿದವರು. ಅವರ ವಿಚಾರ ಸರಳ. ಒತ್ತಡ ಬಿದ್ದಾಗ ನಾವು ಓದಿ ತಿಳಿದದ್ದನ್ನು ಮಾಡುವುದಿಲ್ಲ, ಮೈಗೆ ರೂಢಿಯಾದದ್ದನ್ನು ಮಾಡುತ್ತೇವೆ. ಹಾಗಾಗಿ ಮೈಗೆ ಹೊಸ ರೂಢಿ ಬೇಕು. ಅದಕ್ಕೆ ಅಭ್ಯಾಸ ಬೇಕು.

ಒಂದು ಅಭ್ಯಾಸ ಹೇಳುತ್ತೇನೆ. ನೀವು ನಿಂತಿರುತ್ತೀರಿ. ಎದುರಿನವರು ಬಂದು ನಿಮ್ಮ ಮಣಿಕಟ್ಟು ಗಟ್ಟಿಯಾಗಿ ಹಿಡಿಯುತ್ತಾರೆ, ನಿಮ್ಮನ್ನು ಕಾಡುತ್ತಿರುವ ಒಂದು ಬೇಡಿಕೆಯನ್ನು ಹೇಳುತ್ತಾರೆ. ಉದಾಹರಣೆಗೆ "ಸೋಮವಾರದೊಳಗೆ ಬೇಕು." ಆ ಕ್ಷಣ ಏನಾಗುತ್ತದೆ ನೋಡಿ. ಕೆಲವರು ಕೈ ಕಿತ್ತುಕೊಳ್ಳುತ್ತಾರೆ. ಕೆಲವರು ನಕ್ಕುಬಿಡುತ್ತಾರೆ. ಕೆಲವರ ಭುಜ ಕಿವಿಯ ತನಕ ಏರುತ್ತದೆ. ಜಾಸ್ತಿ ಜನ ಹಿಡಿದವರ ಕಡೆಗೇ ಬಾಗುತ್ತಾರೆ. ಯಾರೂ ಯೋಚಿಸಿ ಮಾಡುವುದಲ್ಲ, ಆಗಿಬಿಡುತ್ತದೆ. ಇದನ್ನು ನೋಡಿದ ಮೇಲೆ ಪಾದ ನೆಲಕ್ಕೆ ಊರುವುದು, ಬೆನ್ನು ನೇರ ಮಾಡುವುದು, ಉಸಿರು ಪೂರ್ತಿ ಬಿಡುವುದು. ಆಮೇಲೆ ಎದುರಿನವರ ಕಣ್ಣು ನೋಡಿ "ಸೋಮವಾರ ಆಗಲ್ಲ, ಬುಧವಾರ ಕೊಡ್ತೀನಿ" ಅನ್ನುವುದು. ಮೊದಮೊದಲು ದನಿ ನಡುಗುತ್ತದೆ. ಮತ್ತೆ ಹಿಡಿಯುತ್ತಾರೆ, ಮತ್ತೆ ಹೇಳಬೇಕು.

ರಾಗಿರೊಟ್ಟಿ
ಅಯ್ಯೋ, ನಾನು ನಗುವ ಗುಂಪು ಅನ್ನಿಸುತ್ತಿದೆ!

ಹೆಜ್ಜೆಗೆಜ್ಜೆ
ಚಾಮುಂಡಿ ಅವರೇ, ನೀವು ಹೇಳಿದ್ದು ಓದಿ ನಮ್ಮ ಯಕ್ಷಗಾನ ತರಗತಿ ನೆನಪಾಯಿತು. ನಾನು ಬಡಗುತಿಟ್ಟು ಕಲಿತವನು. ಗುರುಗಳು ಹೆಜ್ಜೆಯನ್ನು ಬಾಯಲ್ಲಿ ವಿವರಿಸಿದ್ದು ತೀರಾ ಕಮ್ಮಿ. ತಾಳ ತಪ್ಪಿದರೆ "ಇನ್ನೊಮ್ಮೆ" ಅನ್ನುತ್ತಿದ್ದರು. ಮಂಡಿ ನೋಯುವ ತನಕ ಅದೇ ಹೆಜ್ಜೆ. ಒಂದು ಹಂತ ದಾಟಿದ ಮೇಲೆ ಚೆಂಡೆ ಪೆಟ್ಟು ಕೇಳಿದರೆ ಸಾಕು, ಕಾಲು ತಾನೇ ಎದ್ದು ಬರುತ್ತದೆ. ರಂಗದಲ್ಲಿ ಭಯ ಆಗಿ ಮಾತು ಮರೆತರೂ ಹೆಜ್ಜೆ ಮರೆಯುವುದಿಲ್ಲ. ಕೋಚಿಂಗ್‌ನಲ್ಲಿ ಇಷ್ಟು 'ಇನ್ನೊಮ್ಮೆ' ಇರುತ್ತದಾ? ತಿಂಗಳಿಗೆ ಎರಡು ಗಂಟೆ ಮಾತಾಡಿದರೆ ಏನು ಮೈಗೆ ಹತ್ತೀತು?

ಚಾಮುಂಡಿ_ಮೆಟ್ಟಿಲು
ಇರಲೇಬೇಕು. ಭೇಟಿ ಮುಗಿದ ಮೇಲೆ ಮುಂದಿನ ಭೇಟಿಯ ತನಕ ದಿನಾ ಮಾಡುವ ಸಣ್ಣ ಅಭ್ಯಾಸ ಕೊಡದಿದ್ದರೆ ಅದು ಬರೀ ಮಾತುಕತೆ.

ಮಲ್ಲಿಗೆ_ದಂಡೆ
21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತಾರಲ್ಲ. ಒಂದು ವಾಟ್ಸ್ಯಾಪ್ ಗುಂಪಿನಲ್ಲಿ 21 ದಿನದ ಚಾಲೆಂಜ್ ನಡೆಯುತ್ತಿದೆ, ಸೇರಬಹುದು.

ಬಿಳಿಹಾಳೆ
ಈ 21 ದಿನದ ಮಾತಿಗೆ ಬುಡವೇ ಇಲ್ಲ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕು ಅಂತ 1960ರಲ್ಲಿ ಬರೆದರು. 'ಕನಿಷ್ಠ' ಉದುರಿಹೋಯಿತು, 21 ಉಳಿಯಿತು. ನಿಜವಾಗಿ ಅಳೆದು ನೋಡಿದ್ದು ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಅವರ ತಂಡ. ಊಟದ ಜೊತೆ ಹಣ್ಣು ತಿನ್ನುವುದು, ನಡೆಯುವುದು, ಇಂಥ ಸಣ್ಣ ಅಭ್ಯಾಸಗಳು ತಾನಾಗಿ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254 ದಿನದ ಲೆಕ್ಕ. ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗಲಿಲ್ಲ ಅನ್ನುವುದನ್ನೂ ಅದೇ ಅಧ್ಯಯನ ಹೇಳುತ್ತದೆ. ಚಾಲೆಂಜ್‌ನಲ್ಲಿ ಒಂದು ದಿನ ಬಿಟ್ಟು 'ನನ್ನಿಂದ ಆಗಲ್ಲ' ಅಂತ ಕೈಬಿಡುವವರಿಗೆ ಇದು ಗೊತ್ತಿರಬೇಕು.

ಮಲ್ಲಿಗೆ_ದಂಡೆ
ಓ ಹೌದಾ! ಗುಂಪಿನಲ್ಲಿ ಹಾಕುತ್ತೇನೆ.

ಕ್ಲಬ್‌ರೋಡ್
ಸರಿ, ಆದರೆ ಈ ಬಾಡಿ ಸ್ಕ್ಯಾನ್ ನಮ್ಮ ಯೋಗನಿದ್ರೆಯೇ ಅಲ್ವಾ? ನಮ್ಮದನ್ನೇ ಪ್ಯಾಕ್ ಮಾಡಿ ನಮಗೇ ಮಾರುತ್ತಿದ್ದಾರೆ.

ಬಾಸ್ಟನ್_ಕನ್ನಡಿಗ
ನಾನಿರುವ ಊರಿನಿಂದ ವೂಸ್ಟರ್ ದೂರವಿಲ್ಲ. ಈ ಬಾಡಿ ಸ್ಕ್ಯಾನ್, ಮೈಂಡ್‌ಫುಲ್‌ನೆಸ್ ತರಗತಿಗಳೆಲ್ಲಾ ಶುರುವಾದದ್ದು ಅಲ್ಲಿ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1979ರಲ್ಲಿ ಜಾನ್ ಕಬಾಟ್-ಝಿನ್ ಒಂದು ಕ್ಲಿನಿಕ್ ತೆರೆದರು. ವರ್ಷಗಟ್ಟಲೆ ನೋವು ಅನುಭವಿಸಿ, ಔಷಧಿಯಲ್ಲಿ ಅಷ್ಟಾಗಿ ಗುಣ ಕಾಣದವರು ಅಲ್ಲಿಗೆ ಬರುತ್ತಿದ್ದರು. 8 ವಾರದ ಕಾರ್ಯಕ್ರಮ. ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ. ಮೊದಲ ತರಗತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿ ಕೈಗೆ ಕೊಡುತ್ತಾರೆ. ನೋಡಿ, ಮೂಸಿ, ನಿಧಾನವಾಗಿ ತಿನ್ನಬೇಕು. ನಾನೂ ಇಲ್ಲಿ ಒಂದು ಬ್ಯಾಚ್ ಮಾಡಿದೆ. ನಮ್ಮ ಗುಂಪಿನಲ್ಲಿ ಬೆನ್ನುನೋವಿನ ಟ್ರಕ್ ಡ್ರೈವರ್ ಒಬ್ಬರಿದ್ದರು. ಕೊನೆಯಲ್ಲಿ ಅವರು ಹೇಳಿದ್ದು "ನೋವು ಇದೆ, ಆದರೆ ದಿನವೆಲ್ಲಾ ಅದೇ ಆಗಿಲ್ಲ" ಅಂತ.

ಬೇರಿನ ವಿಷಯ. ಕಬಾಟ್-ಝಿನ್ ಝೆನ್ ಕಲಿತವರು, ವಿಪಶ್ಯನ ಮಾಡಿದವರು (ಎರಡೂ ಬೌದ್ಧ ಧ್ಯಾನ ಪದ್ಧತಿಗಳು), ಹಠಯೋಗವೂ ಗೊತ್ತಿದ್ದವರು. ಅದನ್ನು ಅವರು ಮುಚ್ಚಿಟ್ಟಿಲ್ಲ. ಯೋಗನಿದ್ರೆಯನ್ನು ಈಗಿನ ರೂಪಕ್ಕೆ ತಂದವರು ಮುಂಗೇರಿನ ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿ. ಅದರಲ್ಲಿ ಬಲಗೈ ಹೆಬ್ಬೆರಳಿನಿಂದ ಶುರು, ಗಮನ ಚಕಚಕ ಓಡುತ್ತದೆ, ಸಂಕಲ್ಪ ಇರುತ್ತದೆ. ಬಾಡಿ ಸ್ಕ್ಯಾನ್‌ನಲ್ಲಿ ಎಡಗಾಲಿನ ಬೆರಳಿನಿಂದ ನಿಧಾನ ಮೇಲಕ್ಕೆ. ಸಂಕಲ್ಪ ಇಲ್ಲ. ಎರಡೂ ಒಳ್ಳೆಯದೇ, ಒಂದೇ ಅಲ್ಲ.

ಕ್ಲಬ್‌ರೋಡ್
ಎರಡಕ್ಕೂ ಬೇರು ಇಲ್ಲೇ ಅಲ್ವಾ. ಅದನ್ನೇ ನಾನು ಹೇಳಿದ್ದು. ವಿಪಶ್ಯನ ಆದರೆ ದುಡ್ಡೂ ತಗೊಳ್ಳಲ್ಲ. ಬೆಂಗಳೂರಿನ ಹೊರಗೆ ಆಲೂರಿನಲ್ಲಿ ಧಮ್ಮ ಪಫುಲ್ಲ ಎಂಬ ವಿಪಶ್ಯನ ಕೇಂದ್ರ ಇದೆ. 10 ದಿನ ಊಟ, ವಸತಿ ಎಲ್ಲಾ ಇದೆ. ಆಮೇಲೆ ಇಷ್ಟ ಬಂದಷ್ಟು ದಾನ ಕೊಡಿ. ಲಕ್ಷಗಟ್ಟಲೆ ಕೊಟ್ಟು ಕೋಚ್ ಹತ್ತಿರ ಯಾಕೆ ಹೋಗಬೇಕು?

ತುಂಗಾತೀರ
ವಿಪಶ್ಯನ ನಾನೂ ಮಾಡಿದ್ದೇನೆ. ಬೆಳಗಿನ ಜಾವ 4ಕ್ಕೆ ಗಂಟೆ ಬಾರಿಸುತ್ತಾರೆ, ಮಾತಿಲ್ಲ, ಫೋನಿಲ್ಲ. ಮೊದಲ ಮೂರು ದಿನ ಬರೀ ಉಸಿರು. ಅದರ ಗುಣವೇ ಬೇರೆ. ಆದರೆ ಸೋಮವಾರ ಆಫೀಸಿಗೆ ಹೋದಾಗ ಮ್ಯಾನೇಜರ್‌ಗೆ ಏನು ಹೇಳಬೇಕು ಅಂತ ಅಲ್ಲಿ ಯಾರೂ ಕೂತು ಮಾತಾಡುವುದಿಲ್ಲ. ಆ ಕೆಲಸ ಕೋಚ್‌ನದ್ದು.

ನೈಟ್‌ಶಿಫ್ಟ್
ನಾನು ಸ್ಟಾಫ್ ನರ್ಸ್, ಕಲಬುರಗಿ ಕಡೆಯವಳು, ಈಗ ಮಂಗಳೂರಿನಲ್ಲಿದ್ದೇನೆ. ಒಂದು ಎಚ್ಚರಿಕೆ ಕೊಡಲೇಬೇಕು. ಎಲ್ಲರಿಗೂ 'ಕಣ್ಣು ಮುಚ್ಚಿ ದೇಹ ಗಮನಿಸಿ' ಅನ್ನಬೇಡಿ. ಹಿಂದೆ ದೊಡ್ಡ ಆಘಾತ ಆದವರಿಗೆ, ಪ್ಯಾನಿಕ್ ಅಟ್ಯಾಕ್ ಇರುವವರಿಗೆ ಒಳಗೆ ನೋಡುವುದೇ ಹೆದರಿಕೆ ಹೆಚ್ಚಿಸಬಹುದು. ನನ್ನ ಸ್ನೇಹಿತೆಗೆ ಒಂದು ವರ್ಕ್‌ಶಾಪ್‌ನಲ್ಲಿ ಹೀಗೇ ಆಯಿತು. ಎದೆ ಬಡಿತ ಗಮನಿಸು ಅಂದರು, ಅವಳಿಗೆ ಉಸಿರೇ ಕಟ್ಟಿತು. ನಡೆಸುತ್ತಿದ್ದವರು "ರಿಲೀಸ್ ಆಗ್ತಿದೆ, ಬಿಡಿ" ಅಂದರು. ಆಮೇಲೆ ವಾರಗಟ್ಟಲೆ ನಿದ್ದೆ ಇಲ್ಲ. ಅವಳ ಕೈ ಹಿಡಿದು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದದ್ದು ನಾವು ಗೆಳತಿಯರು. ಆ ವರ್ಕ್‌ಶಾಪಿನವರು ಒಂದು ಫೋನೂ ಮಾಡಲಿಲ್ಲ.

ಬಿಳಿಹಾಳೆ
ಇದು ಬಹಳ ಮುಖ್ಯ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ವಿಲೋಬಿ ಬ್ರಿಟನ್ ಮತ್ತು ಸಂಗಡಿಗರು ಧ್ಯಾನದಿಂದ ಆದ ಕಷ್ಟಗಳನ್ನೇ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಹೆದರಿಕೆ, ನಿದ್ರಾಹೀನತೆ, ತಾನು ತಾನಲ್ಲ ಅನ್ನಿಸುವುದು, ಹೀಗೆ ಹಲವು ಅನುಭವ ದಾಖಲಾಗಿವೆ. ಅನುಭವಸ್ಥ ಧ್ಯಾನಿಗಳಿಗೂ ಆಗಿದೆ. ವಿಪಶ್ಯನ ಅರ್ಜಿಯಲ್ಲೂ ಮಾನಸಿಕ ಆರೋಗ್ಯದ ಹಿನ್ನೆಲೆ ಕೇಳುತ್ತಾರೆ, ಗಂಭೀರ ಕಾಯಿಲೆ ಇದ್ದವರಿಗೆ ಬೇಡ ಅನ್ನುತ್ತಾರೆ. ಕೋಚ್ ಅಷ್ಟೂ ಕೇಳದೆ ಶುರು ಮಾಡಿದರೆ ಎದ್ದು ಬನ್ನಿ.

ಹುಬ್ಬಳ್ಳಿ_ಮಂದಿ
ಕೇಳುವುದಕ್ಕೆ ಅವರಿಗೆ ತರಬೇತಿ ಇರಬೇಕಲ್ಲ? ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಇರುತ್ತದೆ. ಕೋಚ್ ಆಗೋಕೆ ಯಾವ ಸರ್ಕಾರಿ ಲೈಸೆನ್ಸೂ ಬೇಡ. ನಾಳೆ ನಾನೇ ಬೋರ್ಡ್ ಹಾಕಿಕೊಂಡರೂ ಯಾರೂ ತಡೆಯಲ್ಲ.

ಚಾಮುಂಡಿ_ಮೆಟ್ಟಿಲು
ನಿಜ. ಈ ಕ್ಷೇತ್ರದ ದೊಡ್ಡ ನೋವು ಅದೇ. ಇರುವುದು ಇಷ್ಟವಿದ್ದವರು ಪಡೆಯುವ ಪ್ರಮಾಣಪತ್ರ ಮಾತ್ರ. ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟ, ಅಂದರೆ ಐಸಿಎಫ್, 1995ರಲ್ಲಿ ಶುರುವಾಯಿತು. ಅವರ ಮೊದಲ ಹಂತ ಎಸಿಸಿಗೆ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಎರಡನೇ ಹಂತ ಪಿಸಿಸಿಗೆ 125 ಮತ್ತು 500. ಮೂರನೇ ಹಂತ ಎಂಸಿಸಿಗೆ 200 ಮತ್ತು 2500. ಇದಿದ್ದರೆ ಒಳ್ಳೆಯ ಕೋಚ್ ಅಂತ ಗ್ಯಾರಂಟಿ ಇಲ್ಲ, ಆದರೆ ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ಮತ್ತೆ ಈ ಪತ್ರ ಯಾವುದೂ ಖಿನ್ನತೆ, ಆಘಾತಕ್ಕೆ ಚಿಕಿತ್ಸೆ ಕೊಡುವ ಅನುಮತಿ ಅಲ್ಲ. ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂತ ಯಾರಾದರೂ ಹೇಳಿದರೆ ನಾನು ಕೋಚಿಂಗ್ ನಿಲ್ಲಿಸುತ್ತೇನೆ. ವೈದ್ಯರ ಹತ್ತಿರ ಕಳಿಸುತ್ತೇನೆ.

ನೈಟ್‌ಶಿಫ್ಟ್
ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಎಲ್ಲರೂ ಫೋನಿನಲ್ಲಿ ಇಟ್ಟುಕೊಳ್ಳಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಪಕ್ಕದ ಮನೆಯವರಿಗಾದರೂ ಬೇಕಾಗಬಹುದು.

ಕುಂದಾಪ್ರ_ಕಡಲು
ಉಸಿರಿನ ಮಾತು ಬಂತಲ್ಲ, ಒಂದು ಸಂಗತಿ ಹೇಳುತ್ತೇನೆ. ನಮ್ಮ ಅಜ್ಜಿ ಸಂಜೆ ಜಪಮಣಿ ಹಿಡಿದು ಕೂತರೆ ಮನೆಯಲ್ಲಿ ಯಾರು ಕೂಗಾಡಿದರೂ ಅಲುಗಾಡುತ್ತಿರಲಿಲ್ಲ. ಇಟಲಿಯ ಲೂಚಾನೊ ಬರ್ನಾರ್ಡಿ ಎಂಬ ವೈದ್ಯರ ತಂಡ 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 23 ಜನರಿಗೆ ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆ ಮತ್ತು ಒಂದು ಮಂತ್ರ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಹೆಚ್ಚುಕಮ್ಮಿ 6ಕ್ಕೆ ಇಳಿಯಿತು. ಆ ವೇಗದಲ್ಲಿ ಹೃದಯದ ಬಡಿತ, ರಕ್ತದೊತ್ತಡ, ಉಸಿರು ಮೂರೂ ಒಂದೇ ಲಯಕ್ಕೆ ಬಂದವು. ಯಾವ ದೇವರ ಹೆಸರಾದರೂ ಸರಿ, ನಿಧಾನವಾಗಿ ಹೇಳಿದರೆ ಮೈಗೆ ಒಳ್ಳೆಯದು ಅಂತಾಯಿತು. ನಾನಂತೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಇದನ್ನೇ ಮಾಡುತ್ತೇನೆ. ಕಣ್ಣು ಮಾತ್ರ ರಸ್ತೆ ಮೇಲಿರಲಿ.

ಮಲ್ಲಿಗೆ_ದಂಡೆ
ಸಿಲ್ಕ್ ಬೋರ್ಡ್‌ನಲ್ಲಿ ಅಷ್ಟೂ ಜಪ ಮುಗಿಯುತ್ತದೆ ಬಿಡಿ. ಈಗ ಮೆಟ್ರೊ ಬಂದ ಮೇಲೆ ಪರವಾಗಿಲ್ವಾ ಆ ಕಡೆ?

ಕುಂದಾಪ್ರ_ಕಡಲು
ನನ್ನ ದಾರಿಗೆ ಮೆಟ್ರೊ ಸರಿಹೊಂದಲ್ಲ, ಇನ್ನೂ ಬೈಕೇ.

ಹಳೇಮೇಷ್ಟ್ರು
ನಾನು ನಿವೃತ್ತ ಶಿಕ್ಷಕ. ರೆಸಿಲಿಯನ್ಸ್ ಅನ್ನುವುದನ್ನು ಒಬ್ಬರೇ ಕೂತು ಕಣ್ಣು ಮುಚ್ಚಿ ಬೆಳೆಸಿಕೊಳ್ಳುವ ಗುಣ ಅಂತ ಎಲ್ಲರೂ ಮಾತಾಡುತ್ತಿದ್ದೀರಿ. ನನಗೆ ಅದು ಒಪ್ಪಿಗೆಯಿಲ್ಲ. ಹವಾಯಿಯ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಟ್ಟಲೆ ಗಮನಿಸಿದರು. ಬಡತನ, ಮನೆಯಲ್ಲಿ ಜಗಳ, ಕುಡಿತ, ಕಾಯಿಲೆ, ಹೀಗೆ ಹಲವು ಕಷ್ಟ ಒಟ್ಟಿಗೆ ಇದ್ದ ಮಕ್ಕಳಲ್ಲಿ ಮೂರನೇ ಒಂದು ಭಾಗ ಚೆನ್ನಾಗಿ ಬೆಳೆದು, ಕೆಲಸ ಸಂಸಾರ ಮಾಡಿಕೊಂಡರು. ಆ ಮಕ್ಕಳಿಗೆ ಹೆಚ್ಚಾಗಿ ಸಿಕ್ಕಿದ್ದು ಗಟ್ಟಿಯಾಗಿ ನಿಲ್ಲುವ ಒಬ್ಬರಾದರೂ ದೊಡ್ಡವರು. ಅಜ್ಜಿ, ಚಿಕ್ಕಮ್ಮ, ಮೇಷ್ಟ್ರು, ಯಾರಾದರೂ ಸರಿ.

ನನ್ನ ತರಗತಿಯಲ್ಲೂ ಇದನ್ನು ಕಂಡಿದ್ದೇನೆ. ಅಪ್ಪ ಇಲ್ಲದ ಹುಡುಗ, ದಿನಾ ತಡವಾಗಿ ಬರುತ್ತಿದ್ದ. ಶಾಲೆಯ ಅಡುಗೆಯವರು ಅವನಿಗೆ ಒಂದು ತಟ್ಟೆ ಎತ್ತಿಟ್ಟಿರುತ್ತಿದ್ದರು, "ಬಂದ್ಯಾ ಮಗಾ" ಅಂತ ಕೇಳುತ್ತಿದ್ದರು. ಅವನು ಶಾಲೆ ಬಿಡಲಿಲ್ಲ. ಬ್ರಿಟನ್ನಿನಲ್ಲಿ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಶಾಲಾ ಮೈಂಡ್‌ಫುಲ್‌ನೆಸ್ ಪ್ರಯೋಗ ಮಾಡಿ 2022ರಲ್ಲಿ ಫಲಿತಾಂಶ ಹೇಳಿದರು. ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಬಹಳ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ.

ಬಾಸ್ಟನ್_ಕನ್ನಡಿಗ
ಮೇಷ್ಟ್ರೇ, ಮಕ್ಕಳದ್ದು ಬೇರೆ, ತಾವಾಗಿ ಬಂದ ದೊಡ್ಡವರದ್ದು ಬೇರೆ. 2014ರಲ್ಲಿ ಧ್ಯಾನದ ಮೇಲಿನ 47 ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದಾಗ ಆತಂಕ, ಖಿನ್ನತೆ, ನೋವು ಸ್ವಲ್ಪ ಮಟ್ಟಿಗೆ ಕಮ್ಮಿಯಾದದ್ದು ಕಂಡಿದೆ. ಪವಾಡ ಅಲ್ಲ, ಸುಳ್ಳೂ ಅಲ್ಲ.

ಹಳೇಮೇಷ್ಟ್ರು
ಒಪ್ಪಿದೆ. 'ತಾವಾಗಿ ಬಂದ' ಅನ್ನುವ ಮಾತು ಎಲ್ಲರೂ ನೆನಪಿಡಿ.

ಕ್ಲಬ್‌ರೋಡ್
ಈಗ ಮೊದಲಿನ ವಿಷಯಕ್ಕೆ ಬರೋಣ. ಕಂಪನಿ ಯಾಕೆ ದುಡ್ಡು ಹಾಕುತ್ತದೆ? ಜನ ಕಮ್ಮಿ ಇದ್ದಾರೆ, ಡೆಡ್‌ಲೈನ್ ಜಾಸ್ತಿ ಇದೆ. ಅದನ್ನು ಸರಿ ಮಾಡುವುದಕ್ಕಿಂತ ನಮಗೆ ಉಸಿರಾಡಲು ಕಲಿಸುವುದು ಅಗ್ಗ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46 ಸಾವಿರಕ್ಕೂ ಹೆಚ್ಚು ನೌಕರರ ಮಾಹಿತಿ ನೋಡಿದರು. ಮೈಂಡ್‌ಫುಲ್‌ನೆಸ್, ರೆಸಿಲಿಯನ್ಸ್ ತರಬೇತಿ ತಗೊಂಡವರು ತಗೊಳ್ಳದವರಿಗಿಂತ ಸುಖವಾಗಿ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಬರ್ನ್‌ಔಟ್ (ಕೆಲಸದ ಒತ್ತಡದಿಂದ ಪೂರ್ತಿ ಬಳಲಿಹೋಗುವುದು) ಅನ್ನು ಕೆಲಸದ ಜಾಗದ ಸಮಸ್ಯೆ ಅಂತಲೇ ಗುರುತಿಸಿತು. ಕಾಯಿಲೆ ಅಂತ ಕರೆಯಲಿಲ್ಲ.

ತುಂಗಾತೀರ
ಆ ಅಧ್ಯಯನ ಒಂದೇ ಕಾಲದ ಚಿತ್ರ ಅಲ್ವಾ? ಮೊದಲೇ ಸುಸ್ತಾದವರೇ ತರಬೇತಿಗೆ ಹೋಗಿರಬಹುದು. ಆದರೂ ನೀವು ಹೇಳುವ ಮುಖ್ಯ ಮಾತು ನನಗೂ ಸರಿ ಅನ್ನಿಸುತ್ತದೆ. ಮೈ ಹೇಳುವುದನ್ನು ಕೇಳಲು ಕಲಿತವರು ಜಾಸ್ತಿ ಹೊರುವುದಿಲ್ಲ, 'ಸಾಕು' ಅನ್ನಲು ಕಲಿಯುತ್ತಾರೆ. ನಮ್ಮ ಬ್ಯಾಚಿನಲ್ಲಿ ಇಬ್ಬರು ಕೋಚಿಂಗ್ ನಡುವೆಯೇ ಕೆಲಸ ಬಿಟ್ಟರು. ಅವರ ಕಂಪನಿ ಅದನ್ನು ಬಯಸಿತ್ತು ಅಂತ ಅನ್ನಿಸುವುದಿಲ್ಲ.

ಕ್ಲಬ್‌ರೋಡ್
ಆ ಇಬ್ಬರಿಗೆ ಒಳ್ಳೆಯದಾಗಲಿ. ಇಎಂಐ ಇರುವವರು ಬಿಡೋಕಾಗಲ್ಲ. ಅವರ ಜಾಗಕ್ಕೆ ಇನ್ನೊಬ್ಬ ಇಂಜಿನಿಯರ್ ಕೊಡಿ, ಆಮೇಲೆ ಒಣದ್ರಾಕ್ಷಿ ಕೊಡಿ.

ರಾಗಿರೊಟ್ಟಿ
ಎಲ್ಲರಿಗೂ ಥ್ಯಾಂಕ್ಸ್, ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಒಂದು ಅನುಮಾನ ಉಳಿದಿದೆ. ನಾನು ಕೋಚ್ ಹತ್ತಿರ ಹೇಳುವುದೆಲ್ಲಾ ಎಚ್‌ಆರ್‌ಗೆ ಹೋಗುತ್ತದಾ? ಮ್ಯಾನೇಜರ್ ಬಗ್ಗೆ ಬಾಯಿಬಿಟ್ಟು ಮಾತಾಡಲು ಭಯ. ಮನೆಯಲ್ಲಿ ಅತ್ತೆಗೆ ಹುಷಾರಿಲ್ಲದ ವಿಷಯವೂ ಬರುತ್ತದೆ. ಅದು ಅಪ್ರೈಸಲ್‌ನಲ್ಲಿ ಕಾಣಿಸಿಕೊಂಡರೆ?

ಚಾಮುಂಡಿ_ಮೆಟ್ಟಿಲು
ಇದನ್ನು ಮೊದಲ ದಿನವೇ ಇತ್ಯರ್ಥ ಮಾಡಿಕೊಳ್ಳಬೇಕಿತ್ತು, ಮತ್ತು ಇದನ್ನು ಎತ್ತಬೇಕಾದವರು ಕೋಚ್, ನೀವಲ್ಲ. ಕಂಪನಿ ದುಡ್ಡು ಕೊಡುವಾಗ ಮೂರು ಕಡೆಯವರ ಒಪ್ಪಂದ ಇರುತ್ತದೆ: ನೀವು, ಕೋಚ್, ಕಂಪನಿ. ಅದರಲ್ಲಿ ಕಂಪನಿಗೆ ಏನು ತಿಳಿಸುತ್ತಾರೆ ಅಂತ ಬರೆದಿರಬೇಕು. ನಾನು ಭೇಟಿಗಳ ಸಂಖ್ಯೆ, ದಿನಾಂಕ ಬಿಟ್ಟು ಏನೂ ಕೊಡುವುದಿಲ್ಲ. ಒಟ್ಟಾರೆ ಗುರಿಯ ಬಗ್ಗೆ ಹೇಳಬೇಕಾದರೆ ನೀವೇ, ನಿಮ್ಮ ಬಾಯಿಂದಲೇ, ಮ್ಯಾನೇಜರ್ ಎದುರು ಹೇಳುತ್ತೀರಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಜೀವಕ್ಕೆ ಅಪಾಯ ಇದ್ದರೆ ಮಾತ್ರ ಗುಟ್ಟು ಉಳಿಸಲಾಗುವುದಿಲ್ಲ, ಅದನ್ನೂ ಮೊದಲೇ ಹೇಳುತ್ತೇನೆ.

ಒಪ್ಪಂದದ ಪ್ರತಿ ಕೇಳಿ. ಬರೆದದ್ದು ಸಿಗುವ ತನಕ ಮನೆ ವಿಷಯ ಎತ್ತಬೇಡಿ. ಕೊಡಲು ಹಿಂದೇಟು ಹಾಕಿದರೆ ಬೇರೆ ಕೋಚ್ ಕೇಳುವ ಹಕ್ಕು ನಿಮಗಿದೆ.

ಹುಬ್ಬಳ್ಳಿ_ಮಂದಿ
ಇಷ್ಟು ನೇರವಾಗಿ ಹೇಳುವ ಕೋಚ್ ಸಿಕ್ಕರೆ ನಾನೂ ಒಂದು ಸಲ ಹೋಗಿ ನೋಡುತ್ತೇನೆ. ಪವರ್ ಪೋಸ್ ಮಾಡಿಸದಿದ್ದರೆ.

ನೈಟ್‌ಶಿಫ್ಟ್
ಒಂದು ಸಣ್ಣ ಪ್ರಶ್ನೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿ ಬಾಡಿ ಸ್ಕ್ಯಾನ್ ಮಾಡಿದರೆ ಮೊಣಕಾಲು ತಲುಪುವುದರೊಳಗೆ ನಿದ್ದೆ. ಇದರಿಂದ ಪ್ರಯೋಜನ ಇದೆಯಾ?

ಬಾಸ್ಟನ್_ಕನ್ನಡಿಗ
ನಿದ್ದೆ ಬಾಕಿ ಇದ್ದರೆ ನಿದ್ದೆಯೇ ಮಾಡಿ, ಅದಕ್ಕಿಂತ ದೊಡ್ಡ ಅಭ್ಯಾಸ ಇಲ್ಲ. ಎಚ್ಚರದಲ್ಲೇ ಮಾಡಬೇಕು ಅಂತಿದ್ದರೆ ಪಾಳಿಗೆ ಹೊರಡುವ ಮೊದಲು ಕುರ್ಚಿಯಲ್ಲಿ ಕೂತು, ಕಣ್ಣು ತೆರೆದುಕೊಂಡೇ, ಹತ್ತು ನಿಮಿಷ ಮಾಡಿ. ನಮ್ಮ ಬ್ಯಾಚಿನಲ್ಲಿ ನರ್ಸ್ ಒಬ್ಬರಿಗೆ ಹಾಗೇ ಹೇಳಿದ್ದರು.